ಮೆಡಲಿನ್ ಮೆಕ್ಯಾನ್ ಕೇಸು: ಗೊತ್ತಿರುವುದೆಷ್ಟು, ಅಂತೆಕಂತೆ ಎಷ್ಟು? (ಪದೇ ಪದೇ ಕೇಳುವ ಪ್ರಶ್ನೆಗಳು)

2007ರಲ್ಲಿ ಪೋರ್ಚುಗಲ್‌ನಲ್ಲಿ ಕಾಣೆಯಾದ ಈ ಪುಟ್ಟ ಹುಡುಗಿಯ ಬಗ್ಗೆ ಜಗತ್ತಿನಲ್ಲಿ ಆಗಿರುವಷ್ಟು ಚರ್ಚೆ ಬೇರೆ ಯಾವ ಮಗುವಿನ ಬಗ್ಗೆಯೂ ಆಗಿರಲಿಕ್ಕಿಲ್ಲ. ಅದರಲ್ಲಿ ಬಹುಪಾಲು ಊಹೆ. ವಿಡಿಯೋ ನೋಡಿ ಬಂದವರು ಮತ್ತೆ ಮತ್ತೆ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಕೊಲೆಗಾರ ಯಾರು ಅಂತ ತಿಳಿಯೋಕೆ ಬಂದಿದ್ದರೆ ನಿರಾಸೆ ಆಗುತ್ತೆ, ಮೊದಲೇ ಹೇಳಿಬಿಡುತ್ತೇನೆ.

ಕೇಸು ಏನು? ಚಿಕ್ಕದಾಗಿ ಹೇಳಿ.

ಮೆಡಲಿನ್ ಹುಟ್ಟಿದ್ದು 2003ರ ಮೇ 12ರಂದು, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಅಪ್ಪ ಜೆರಿ, ಅಮ್ಮ ಕೇಟ್, ಇಬ್ಬರೂ ಡಾಕ್ಟರು. ಅವಳ ಕೆಳಗೆ ಎರಡು ವರ್ಷದ ಅವಳಿ ಮಕ್ಕಳು. ರಜೆಗೆ ಅಂತ ಗೆಳೆಯರ ಜೊತೆ ಪೋರ್ಚುಗಲ್‌ನ ದಕ್ಷಿಣ ಕರಾವಳಿಯ ಪ್ರಾಯಾ ದ ಲೂಜ್ ಅನ್ನೋ ಸಣ್ಣ ಊರಿಗೆ ಹೋಗಿದ್ದರು. 2007ರ ಮೇ 3ರ ರಾತ್ರಿ ಅವರು ಇಳಿದುಕೊಂಡಿದ್ದ ನೆಲಮಹಡಿಯ ಮನೆಯಿಂದ, ಅಂದರೆ 5ಎ ನಂಬರಿನ ಅಪಾರ್ಟ್‌ಮೆಂಟಿನಿಂದ, ಮಗು ಕಾಣೆಯಾಯಿತು. ನಾಲ್ಕು ವರ್ಷ ತುಂಬೋಕೆ ಒಂಬತ್ತು ದಿನ ಬಾಕಿ ಇತ್ತು. ಮಗು ಸಿಕ್ಕಿಲ್ಲ. ದೇಹವೂ ಸಿಕ್ಕಿಲ್ಲ. ಈ ಕೇಸಿನಲ್ಲಿ ಯಾರ ಮೇಲೂ ಕೋರ್ಟಿನಲ್ಲಿ ಆರೋಪ ಹೊರಿಸಿಲ್ಲ.

ಆ ರಾತ್ರಿ ಸರಿಯಾಗಿ ಏನಾಯ್ತು?

ಮಕ್ಕಳು ಮೂವರನ್ನೂ ಮಲಗಿಸಿ, ಅಪ್ಪ ಅಮ್ಮ ಎಂಟೂವರೆ ಹೊತ್ತಿಗೆ ಅದೇ ರೆಸಾರ್ಟಿನ ಹೋಟೆಲಿಗೆ ಊಟಕ್ಕೆ ಹೋದರು. ಜೊತೆಗೆ ಏಳು ಜನ ಗೆಳೆಯರು. ಹೋಟೆಲು ನೇರ ಗೆರೆ ಎಳೆದರೆ ಐವತ್ತು-ಅರವತ್ತು ಮೀಟರ್ ದೂರ, ಆದರೆ ನಡುವೆ ಈಜುಕೊಳ, ಗೋಡೆ ಇದ್ದಿದ್ದರಿಂದ ಸುತ್ತಿಕೊಂಡು ಬರಬೇಕಿತ್ತು. ಸುಮಾರು ಅರ್ಧ ಗಂಟೆಗೊಮ್ಮೆ ಯಾರಾದರೂ ಹೋಗಿ ಮಕ್ಕಳನ್ನು ನೋಡಿ ಬರೋದು ಅಂತ ಮಾತಾಗಿತ್ತು. ಒಂಬತ್ತು ಗಂಟೆ ದಾಟಿದ ಮೇಲೆ ಜೆರಿ ಹೋಗಿ ನೋಡಿದರು, ಮಗಳು ಮಲಗಿದ್ದಳು. ಒಂಬತ್ತೂವರೆಗೆ ಗೆಳೆಯರೊಬ್ಬರು ಹೋದರು, ಆದರೆ ಅವರಿಗೆ ಬಾಗಿಲ ಸಂದಿಯಿಂದ ಕಂಡಿದ್ದು ಅವಳಿ ಮಕ್ಕಳು ಮಾತ್ರ, ಮೆಡಲಿನ್ ಮಲಗಿದ್ದ ಮಂಚ ಕಾಣಿಸಿರಲಿಲ್ಲ. ಹತ್ತು ಗಂಟೆಗೆ ಕೇಟ್ ಹೋದಾಗ ಹಾಸಿಗೆ ಖಾಲಿ, ಕಿಟಕಿ ತೆರೆದಿತ್ತು, ಹೊರಗಿನ ಶಟರ್ ಮೇಲಕ್ಕೆ ಹೋಗಿತ್ತು ಅಂತ ಅವರು ಹೇಳಿದ್ದಾರೆ. ಹಿಂದಿನ ಗಾಜಿನ ಬಾಗಿಲಿಗೆ ಬೀಗ ಹಾಕಿರಲಿಲ್ಲ. ಅಷ್ಟೇ. ಮುಂದಿನದೆಲ್ಲ ಈ ಒಂದು ಗಂಟೆಯನ್ನು ಜಗ್ಗಿ ಜಗ್ಗಿ ಕಟ್ಟಿದ ಕಥೆ.

ಅಷ್ಟು ಸಣ್ಣ ಮಕ್ಕಳನ್ನು ಬಿಟ್ಟು ಊಟಕ್ಕೆ ಹೋಗಿದ್ದು ತಪ್ಪಲ್ವಾ?

ಹೌದು ಅಂತ ನನಗೂ ಅನ್ನಿಸುತ್ತೆ. ಅವರಿಗೂ ಅನ್ನಿಸಿದೆ, ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆದರೆ ಇಲ್ಲಿಂದ ಜನ ಒಂದು ದೊಡ್ಡ ಹಾರು ಹಾರುತ್ತಾರೆ: ಮಕ್ಕಳನ್ನು ಬಿಟ್ಟು ಹೋದವರು ಏನು ಬೇಕಾದರೂ ಮಾಡಿರಬಹುದು ಅಂತ. ಬೇಜವಾಬ್ದಾರಿ ಬೇರೆ, ಕೊಲೆ ಬೇರೆ. ಮೊದಲನೆಯದಕ್ಕೆ ಸಾಕ್ಷಿ ಇದೆ, ಎರಡನೆಯದಕ್ಕೆ ಇಲ್ಲ.

ಪೊಲೀಸರು ಮೊದಲ ದಿನವೇ ಎಡವಿದರು ಅಂತಾರಲ್ಲ?

ಎಡವಿದ್ದು ನಿಜ. ಆ ರಾತ್ರಿ ಮನೆಯೊಳಗೆ ಹತ್ತಾರು ಜನ ಓಡಾಡಿದರು. ಗೆಳೆಯರು, ರೆಸಾರ್ಟಿನ ಕೆಲಸದವರು, ಪೊಲೀಸರು, ಎಲ್ಲರೂ ಹುಡುಕುವ ಗಾಬರಿಯಲ್ಲಿದ್ದರು. ಜಾಗವನ್ನು ಮೊದಲೇ ಬಂದೋಬಸ್ತ್ ಮಾಡಲಿಲ್ಲ. ಇನ್ನೂ ವಿಚಿತ್ರ ಅಂದರೆ, ಒಂದಿಷ್ಟು ದಿನ ಖಾಲಿ ಇಟ್ಟು ಆಮೇಲೆ ಅದೇ ಮನೆಯನ್ನು ಬೇರೆ ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟರು. ಆಗಸ್ಟಿನಲ್ಲಿ ಮತ್ತೆ ಬೀಗ ಹಾಕಿಸಿ ಪರೀಕ್ಷೆ ಮಾಡಿಸಿದರು. ಅಷ್ಟರಲ್ಲಿ ಅಲ್ಲಿ ಎಷ್ಟು ಜನ ಉಂಡು, ಮಲಗಿ, ಗುಡಿಸಿ ಹೋಗಿದ್ದರೋ. ಮುಂದೆ ಹೇಳುವ ಡಿಎನ್‌ಎ ಕಥೆ ಓದುವಾಗ ಇದು ನೆನಪಿರಲಿ.

ಇಷ್ಟೊಂದು ಗಾಳಿಸುದ್ದಿ ಹುಟ್ಟಿದ್ದಾದರೂ ಎಲ್ಲಿಂದ?

ನನ್ನನ್ನು ಕೇಳಿದರೆ ಇದೇ ಇಡೀ ಕೇಸಿನ ಮುಖ್ಯ ಪ್ರಶ್ನೆ. ಆದರೆ ಇದನ್ನು ಕೇಳೋರು ಕಮ್ಮಿ.

ಆಗ ಪೋರ್ಚುಗಲ್‌ನಲ್ಲಿ ತನಿಖೆ ನಡೆಯುತ್ತಿರುವ ಕೇಸಿನ ಬಗ್ಗೆ ಪೊಲೀಸರು ಬಹಿರಂಗವಾಗಿ ಮಾತಾಡುವಂತಿರಲಿಲ್ಲ, ಕಾನೂನೇ ಹಾಗಿತ್ತು. ಅಪ್ಪ ಅಮ್ಮನೂ ತನಿಖೆಯ ವಿವರ ಹೊರಗೆ ಹೇಳುವಂತಿರಲಿಲ್ಲ. ಇತ್ತ ಬ್ರಿಟನ್ನಿನ ಪತ್ರಕರ್ತರು ದಂಡುದಂಡಾಗಿ ಆ ಸಣ್ಣ ಊರಿಗೆ ಬಂದು ಕೂತಿದ್ದರು, ದಿನಾ ಬೆಳಿಗ್ಗೆ ಮುಖಪುಟಕ್ಕೆ ಏನಾದರೂ ಕಳಿಸಲೇಬೇಕು. ಅಧಿಕೃತ ಬಾಯಿ ಮುಚ್ಚಿತ್ತು, ಪತ್ರಿಕೆಯ ಹಸಿವು ಮಾತ್ರ ಹಾಗೇ ಇತ್ತು. ಏನಾಗುತ್ತೆ? ಹೆಸರಿಲ್ಲದ ಮೂಲಗಳಿಂದ ಸೋರಿಕೆ. ಪೋರ್ಚುಗಲ್‌ನ ಪತ್ರಿಕೆಯಲ್ಲಿ ಒಂದು ಅರ್ಧ ಸಾಲು ಬರುತ್ತಿತ್ತು. ಅದನ್ನು ಬ್ರಿಟನ್ನಿನ ಪತ್ರಿಕೆ ಮೊದಲ ಪುಟದಲ್ಲಿ ದೊಡ್ಡದು ಮಾಡುತ್ತಿತ್ತು. ಮಾರನೇ ದಿನ ಪೋರ್ಚುಗಲ್‌ನ ಪತ್ರಿಕೆ 'ಬ್ರಿಟನ್ನಿನ ಮಾಧ್ಯಮದ ಪ್ರಕಾರ' ಅಂತ ಅದನ್ನೇ ವಾಪಸ್ ಹಾಕುತ್ತಿತ್ತು. ಓದುವವನಿಗೆ ಎರಡು ಕಡೆಯಿಂದ ಖಾತ್ರಿ ಸಿಕ್ಕ ಹಾಗೆ. ಮೂಲ ನೋಡಿದರೆ ಒಂದೇ ಬಾಯಿ, ಅದಕ್ಕೂ ಹೆಸರಿಲ್ಲ.

2008ರ ಆಗಸ್ಟಿನಲ್ಲಿ ಇನ್ನೊಂದು ತಿರುವು ಬಂತು. ಕೇಸು ಮುಚ್ಚಿದ ಮೇಲೆ ಪೊಲೀಸ್ ಕಡತಗಳನ್ನೇ ಬಿಡುಗಡೆ ಮಾಡಿದರು, ಸಾವಿರಾರು ಪುಟ. ಅಂತರ್ಜಾಲದಲ್ಲಿ ಹವ್ಯಾಸಿ ಪತ್ತೇದಾರರು ಅದನ್ನು ಇಂಗ್ಲಿಷಿಗೆ ತಂದುಕೊಂಡು ಕೂದಲು ಸೀಳೋಕೆ ಕೂತರು. ಒಳ್ಳೆಯದೇ ಅಲ್ವಾ, ಮೂಲ ದಾಖಲೆ ಸಿಕ್ಕಿತಲ್ಲ ಅಂತ ಅನ್ನಿಸಬಹುದು. ಆದರೆ ಕಡತದಲ್ಲಿ ಸುಳ್ಳು ಸುಳಿವೂ ಇರುತ್ತೆ, ಆಮೇಲೆ ತಳ್ಳಿಹಾಕಿದ ಸಂಶಯವೂ ಇರುತ್ತೆ, ಹುಚ್ಚು ಪತ್ರಗಳೂ ಇರುತ್ತವೆ. ತನಗೆ ಬೇಕಾದ ಪುಟವನ್ನಷ್ಟೇ ಹೆಕ್ಕಿಕೊಂಡರೆ ಯಾರನ್ನು ಬೇಕಾದರೂ ಅಪರಾಧಿ ಮಾಡಬಹುದು.

ನಾಯಿಗಳು ಹೆಣದ ವಾಸನೆ ಹಿಡಿದವಲ್ಲ? ಡಿಎನ್‌ಎ ಕೂಡ ಹೊಂದಿತ್ತಂತೆ?

ಅತಿ ಜಾಸ್ತಿ ಕೇಳಿಬರೋ ಪ್ರಶ್ನೆ ಇದು. ನಿಧಾನವಾಗಿ ನೋಡೋಣ.

2007ರ ಜುಲೈ ಕೊನೆಗೆ ಬ್ರಿಟನ್ನಿನಿಂದ ಎರಡು ಸ್ಪ್ರಿಂಗರ್ ಸ್ಪ್ಯಾನಿಯಲ್ ನಾಯಿಗಳನ್ನು ತರಿಸಿದರು. ಒಂದು ಹೆಣದ ವಾಸನೆಗೆ ಪಳಗಿದ್ದು, ಇನ್ನೊಂದು ರಕ್ತದ ವಾಸನೆಗೆ. ಅವು 5ಎ ಮನೆಯ ಸೋಫಾ ಹಿಂದೆ ಮತ್ತು ಅಪ್ಪ ಅಮ್ಮ ಬಾಡಿಗೆಗೆ ಪಡೆದಿದ್ದ ಕಾರಿನ ಹತ್ತಿರ ಸೂಚನೆ ಕೊಟ್ಟವು. ಗಮನಿಸಿ: ಆ ಕಾರನ್ನು ಅವರು ಬಾಡಿಗೆಗೆ ತಗೊಂಡಿದ್ದು ಮಗು ಕಾಣೆಯಾಗಿ ಮೂರು ವಾರ ಕಳೆದ ಮೇಲೆ. ಹಾಗಾಗಿ 'ಕಾರಿನಲ್ಲಿ ಹೆಣ ಸಾಗಿಸಿದರು' ಅನ್ನೋ ಕಥೆ ನಿಲ್ಲಬೇಕಾದರೆ, ಇಡೀ ಜಗತ್ತಿನ ಕ್ಯಾಮೆರಾಗಳು ಬಾಗಿಲಲ್ಲಿ ನಿಂತಿದ್ದಾಗ ಅವರು ಮೂರು ವಾರ ದೇಹವನ್ನು ಎಲ್ಲೋ ಬಚ್ಚಿಟ್ಟು ಆಮೇಲೆ ತೆಗೆದಿರಬೇಕು.

ನಾಯಿಯ ಸೂಚನೆಯೇ ಸಾಕ್ಷಿ ಅಲ್ಲ. ಇದನ್ನು ನಾಯಿಗಳನ್ನು ನಡೆಸಿದ ಅಧಿಕಾರಿಯೇ ವರದಿಯಲ್ಲಿ ಬರೆದಿದ್ದಾರೆ: ಬೇರೆ ಪುರಾವೆ ಜೊತೆಗೂಡದಿದ್ದರೆ ಇದಕ್ಕೆ ಸಾಕ್ಷಿಯ ಬೆಲೆ ಇಲ್ಲ ಅಂತ. ನಾಯಿ ತೋರಿಸುವುದು ಇಲ್ಲಿ ಹುಡುಕಿ ಅಂತ ಅಷ್ಟೇ.

ಹುಡುಕಿದರು. ಸಿಕ್ಕ ಮಾದರಿಗಳು ಬರ್ಮಿಂಗ್‌ಹ್ಯಾಮ್‌ನ ಪ್ರಯೋಗಾಲಯಕ್ಕೆ ಹೋದವು. ಕಾರಿನ ಡಿಕ್ಕಿಯಲ್ಲಿ ಸಿಕ್ಕ ಒಂದು ಮಾದರಿಯಲ್ಲಿ ಮೆಡಲಿನ್‌ಳ ಡಿಎನ್‌ಎಯ 19 ಗುರುತುಗಳಲ್ಲಿ 15 ಕಂಡವು. ಈ ಒಂದು ಸಾಲು ಹೊರಗೆ ಸೋರಿತು, ಪತ್ರಿಕೆಯಲ್ಲಿ 'ಡಿಎನ್‌ಎ ಹೊಂದಿತು' ಅಂತಾಯಿತು, ಅಲ್ಲಿಂದ ಬಾಯಿಂದ ಬಾಯಿಗೆ ನೂರಕ್ಕೆ ನೂರು ಆಯಿತು. ವರದಿಯ ಉಳಿದ ಭಾಗ ಯಾರಿಗೂ ಬೇಕಿರಲಿಲ್ಲ. ಅದರಲ್ಲಿ ಏನಿತ್ತು ಅಂದರೆ, ಆ ಮಾದರಿಯಲ್ಲಿದ್ದುದು ಒಬ್ಬರ ಡಿಎನ್‌ಎ ಅಲ್ಲ, ಕನಿಷ್ಠ ಮೂರು ಜನರದ್ದು ಕಲಸಿಹೋಗಿತ್ತು, ಒಟ್ಟು 37 ಗುರುತುಗಳಿದ್ದವು. ಅಷ್ಟು ಕಲಬೆರಕೆಯಲ್ಲಿ ಯಾವ ಗುರುತು ಯಾರದ್ದು ಅಂತ ಬೇರ್ಪಡಿಸೋಕೆ ಆಗಲ್ಲ. ಮಗುವಿನ ಗುರುತುಗಳಲ್ಲಿ ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬಂದಿರುತ್ತೆ. ಆ ಕಾರಿನಲ್ಲಿ ಅಪ್ಪ, ಅಮ್ಮ, ತಮ್ಮ, ತಂಗಿ ದಿನಾ ಓಡಾಡಿದ್ದಾರೆ. ವರದಿ ಬರೆದ ವಿಜ್ಞಾನಿ ಇನ್ನೊಂದು ಮಾತು ಸೇರಿಸಿದ್ದರು: ಮೆಡಲಿನ್‌ಳಲ್ಲಿರೋ ಈ ಬಿಡಿ ಗುರುತುಗಳು ಈ ಪ್ರಯೋಗಾಲಯದ ಎಷ್ಟೋ ವಿಜ್ಞಾನಿಗಳಲ್ಲೂ ಇವೆ, ನನ್ನಲ್ಲೂ ಇವೆ ಅಂತ. ಆ ಮಾತು ಯಾವ ಪತ್ರಿಕೆಯ ಮುಖಪುಟಕ್ಕೂ ಹತ್ತಲಿಲ್ಲ.

ಅಮ್ಮ 48 ಪ್ರಶ್ನೆಗಳಿಗೆ ಉತ್ತರ ಕೊಡಲಿಲ್ಲವಂತೆ. ಏನೂ ಮಾಡದೇ ಇದ್ದರೆ ಯಾಕೆ ಸುಮ್ನಿರಬೇಕು?

ಉತ್ತರ ಕೊಡಲಿಲ್ಲ ಅನ್ನೋದು ನಿಜ. 2007ರ ಸೆಪ್ಟೆಂಬರ್ 7ರಂದು ಕೇಟ್ ಮತ್ತು ಜೆರಿಯನ್ನು ಪೋರ್ಚುಗಲ್ ಕಾನೂನಿನಲ್ಲಿ ಅಧಿಕೃತ ಶಂಕಿತರು ಅಂತ ಮಾಡಿದರು. ಹಾಗೆ ಮಾಡಿದ ಕೂಡಲೇ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು, ಸುಮ್ಮನಿರುವ ಹಕ್ಕು ಎರಡೂ ಬರುತ್ತವೆ. ವಕೀಲರು ಸುಮ್ಮನಿರಿ ಅಂದರು, ಅವರು ಸುಮ್ಮನಿದ್ದರು. ಅದಕ್ಕೆ ಮೊದಲು ಸಾಕ್ಷಿಯಾಗಿ ಗಂಟೆಗಟ್ಟಲೆ ಉತ್ತರ ಕೊಟ್ಟಿದ್ದರು ಅನ್ನೋದನ್ನು ಮಾತ್ರ ಈ 48ರ ಲೆಕ್ಕ ಹೇಳುವವರು ಹೇಳಲ್ಲ. ನಮ್ಮ ಸಂವಿಧಾನದ 20ನೇ ವಿಧಿಯಲ್ಲೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡುವಂತಿಲ್ಲ. ಅದು ತಪ್ಪೊಪ್ಪಿಗೆ ಅಲ್ಲ.

ಹಾಗಾದರೆ ಅವರ ಮೇಲಿನ ಶಂಕೆ ಏನಾಯಿತು?

2008ರ ಜುಲೈ 21ರಂದು ಪೋರ್ಚುಗಲ್‌ನ ಅಟಾರ್ನಿ ಜನರಲ್ ಕೇಸು ಮುಚ್ಚಿ, ಅಪ್ಪ ಅಮ್ಮ ಮತ್ತು ಇನ್ನೊಬ್ಬರ (ಅವರ ಕಥೆ ಮುಂದೆ ಬರುತ್ತೆ) ಮೇಲಿದ್ದ ಶಂಕಿತ ಸ್ಥಾನವನ್ನು ತೆಗೆದರು. ಅವರು ಅಪರಾಧ ಮಾಡಿದ್ದಾರೆ ಅನ್ನೋಕೆ ಸಾಕ್ಷಿ ಇಲ್ಲ ಅನ್ನೋದು ಕಾರಣ.

ತನಿಖೆ ನಡೆಸಿದ ಅಧಿಕಾರಿಯೇ ಪುಸ್ತಕ ಬರೆದರು, ಕೋರ್ಟೂ ಅವರ ಪರ ನಿಂತಿತು. ಅಂದಮೇಲೆ ಅವರು ಹೇಳಿದ್ದು ನಿಜ ಅಲ್ವಾ?

ಅಧಿಕಾರಿಯ ಹೆಸರು ಗೊನ್ಸಾಲೊ ಅಮರಾಲ್. ಬ್ರಿಟನ್ನಿನ ಪೊಲೀಸರನ್ನು ಪತ್ರಿಕೆಯಲ್ಲಿ ಟೀಕಿಸಿದ ಮೇಲೆ 2007ರ ಅಕ್ಟೋಬರಿನಲ್ಲಿ ಅವರನ್ನು ಈ ತನಿಖೆಯಿಂದ ತೆಗೆದರು. 2008ರ ಜುಲೈನಲ್ಲಿ, ಕೇಸು ಮುಚ್ಚಿದ ಬೆನ್ನಲ್ಲೇ, ಪುಸ್ತಕ ಬಂತು. ಮಗು ಮನೆಯಲ್ಲೇ ಸತ್ತಿತು, ಅಪ್ಪ ಅಮ್ಮ ಮುಚ್ಚಿಟ್ಟರು ಅನ್ನೋದು ಅವರ ವಾದ. ಮೆಕ್ಯಾನ್ ದಂಪತಿ ಕೇಸು ಹಾಕಿದರು. 2015ರಲ್ಲಿ ಲಿಸ್ಬನ್ ಕೋರ್ಟು ಪರಿಹಾರ ಕೊಡಿ ಅಂದಿತು, 2016ರಲ್ಲಿ ಮೇಲ್ಮನವಿಯಲ್ಲಿ ಅದು ಬಿತ್ತು, 2017ರಲ್ಲಿ ಸುಪ್ರೀಂ ಕೋರ್ಟೂ ಅಮರಾಲ್ ಪರವೇ ಹೇಳಿತು, 2022ರ ಸೆಪ್ಟೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟು ದಂಪತಿಯ ದೂರನ್ನು ಒಪ್ಪಲಿಲ್ಲ.

ಈ ಕೋರ್ಟುಗಳ ಮುಂದಿದ್ದ ಪ್ರಶ್ನೆ ಏನು ಅಂತ ನೋಡಿ. ಮಗುವಿಗೆ ಏನಾಯ್ತು ಅನ್ನೋದಲ್ಲ. ಒಬ್ಬ ಮಾಜಿ ಅಧಿಕಾರಿಗೆ ತನ್ನ ಅಭಿಪ್ರಾಯ ಹೇಳುವ ಹಕ್ಕು ದೊಡ್ಡದೋ, ದಂಪತಿಯ ಮಾನ ದೊಡ್ಡದೋ ಅನ್ನೋದು. ಹೇಳುವ ಹಕ್ಕಿದೆ ಅಂದರೆ ಹೇಳಿದ್ದು ನಿಜ ಅಂತಲ್ಲ. ಇನ್ನೊಂದು ಕಡೆಯನ್ನೂ ಹೇಳಬೇಕು: ಕೇಸು ಮುಚ್ಚಿದ ಮಾತ್ರಕ್ಕೆ ಅವರು ನಿರಪರಾಧಿಗಳು ಅಂತ ಸಾಬೀತಾಯಿತು ಅಂತ ತಿಳಿಯುವಂತಿಲ್ಲ ಅಂತಲೂ ಸುಪ್ರೀಂ ಕೋರ್ಟು ಹೇಳಿತ್ತು. ದಂಪತಿಯ ಪರ ಇರುವವರು ಇದನ್ನು ನುಂಗಿಬಿಡುತ್ತಾರೆ.

ಇದೇ ಅಧಿಕಾರಿ 2004ರಲ್ಲಿ ಅಲ್ಲೇ ಹತ್ತಿರದ ಫಿಗೇರಾ ಹಳ್ಳಿಯಲ್ಲಿ ಕಾಣೆಯಾದ ಎಂಟು ವರ್ಷದ ಹುಡುಗಿಯ ಕೇಸಿನಲ್ಲೂ ಇದ್ದರು. ಅಲ್ಲೂ ದೇಹ ಸಿಗಲಿಲ್ಲ, ತಾಯಿಗೂ ಸೋದರಮಾವನಿಗೂ ಶಿಕ್ಷೆ ಆಯಿತು. ತಾಯಿಗೆ ಪೊಲೀಸರು ಹೊಡೆದರು ಅನ್ನೋ ಆರೋಪದ ವಿಚಾರದಲ್ಲಿ ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ 2009ರಲ್ಲಿ ಅಮರಾಲ್‌ಗೂ ಜೈಲು ಶಿಕ್ಷೆ ಆಯಿತು, ಆದರೆ ಅದನ್ನು ಅಮಾನತಿನಲ್ಲಿಟ್ಟರು. ಮನೆಯವರೇ ಮಾಡಿರುತ್ತಾರೆ ಅನ್ನೋ ಲೆಕ್ಕ ಹಿಂದಿನ ಕೇಸಿನಿಂದಲೇ ಅವರ ತಲೆಯಲ್ಲಿ ಕೂತಿತ್ತೇನೋ. ಇದು ನನ್ನ ಅನಿಸಿಕೆ ಅಷ್ಟೇ, ಹಾಗಂತಲೇ ಓದಿಕೊಳ್ಳಿ.

ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದ ಗಂಡಸನ್ನು ಯಾರೋ ನೋಡಿದ್ದರಲ್ಲ, ಅವನು ಯಾರು?

ಇಬ್ಬರನ್ನು ನೋಡಿದ್ದಾರೆ, ಜನ ಇಬ್ಬರನ್ನೂ ಒಂದು ಮಾಡಿಬಿಡುತ್ತಾರೆ.

ಮೊದಲನೆಯದು ಒಂಬತ್ತೂಕಾಲಿಗೆ. ಊಟಕ್ಕೆ ಕೂತಿದ್ದ ಗೆಳತಿಯೊಬ್ಬರು ತಮ್ಮ ಮಗುವನ್ನು ನೋಡೋಕೆ ಹೋಗುವಾಗ ರಸ್ತೆ ದಾಟುತ್ತಿದ್ದ ಗಂಡಸನ್ನು ಕಂಡರು. ಎರಡೂ ತೋಳಿನ ಮೇಲೆ ಬರಿಗಾಲಿನ, ಪೈಜಾಮ ಹಾಕಿದ ಮಗು. ಈ ಗಂಡಸಿನ ಚಿತ್ರ ಜಗತ್ತೆಲ್ಲ ಸುತ್ತಿತು, ಆರು ವರ್ಷ ಎಲ್ಲರೂ ಇವನನ್ನೇ ಹುಡುಕಿದರು. 2013ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡ್ ಯಾರ್ಡ್, ಅಂದರೆ ಲಂಡನ್ ಪೊಲೀಸರು, ಹೇಳಿತು: ಅದು ಬಹುಶಃ ರಜೆಗೆ ಬಂದಿದ್ದ ಬ್ರಿಟನ್ನಿನ ಒಬ್ಬ ಅಪ್ಪ, ರೆಸಾರ್ಟಿನ ರಾತ್ರಿಯ ಶಿಶುವಿಹಾರದಿಂದ ನಿದ್ದೆ ಹೋದ ತನ್ನ ಮಗಳನ್ನು ಎತ್ತಿಕೊಂಡು ರೂಮಿಗೆ ಹೋಗುತ್ತಿದ್ದವನು. ಅವತ್ತು ಹಾಕಿದ್ದಂಥ ಬಟ್ಟೆಯಲ್ಲಿ ಅವನನ್ನು ನಿಲ್ಲಿಸಿ ಫೋಟೋ ತೆಗೆದು ನೋಡಿದರು, ಹೊಂದಿತು. ಆರು ವರ್ಷದ ಊಹೆ, ಲೆಕ್ಕ, ನಕ್ಷೆ, ಎಲ್ಲ ಒಂದೇ ದಿನದಲ್ಲಿ ಮಕಾಡೆ ಮಲಗಿತು. ಒಂಬತ್ತೂಕಾಲಿಗೇ ಅಪಹರಣ ಆಗಿರಬೇಕು ಅನ್ನೋ ಕಟ್ಟು ಬಿಟ್ಟುಹೋಗಿ, ಹತ್ತು ಗಂಟೆಯವರೆಗೂ ಸಾಧ್ಯತೆ ತೆರೆಯಿತು.

ಎರಡನೆಯದು ಹತ್ತು ಗಂಟೆ ಸುಮಾರಿಗೆ. ಐರ್ಲೆಂಡಿನ ಒಂದು ಕುಟುಂಬ ಕಡಲ ಕಡೆಗೆ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದ ಗಂಡಸನ್ನು ನೋಡಿತ್ತು. 2013ರಲ್ಲಿ ಪೊಲೀಸರು ಮುಖ್ಯ ಅಂದಿದ್ದು ಇದನ್ನು. ಆ ಕುಟುಂಬ ಹೇಳಿದಂತೆ ಬರೆಸಿದ ಮುಖಚಿತ್ರಗಳು 2008ರಲ್ಲೇ ದಂಪತಿ ನೇಮಿಸಿದ ಖಾಸಗಿ ಪತ್ತೇದಾರರ ಹತ್ತಿರ ತಯಾರಾಗಿದ್ದವು. ದಂಪತಿಯೇ ಪೊಲೀಸರಿಂದ ಮುಚ್ಚಿಟ್ಟರು ಎಂಬ ಅರ್ಥ ಬರುವಂತೆ ಬರೆದ ಪತ್ರಿಕೆ 2014ರಲ್ಲಿ 55 ಸಾವಿರ ಪೌಂಡ್ ಪರಿಹಾರ ಕೊಡಬೇಕಾಯಿತು, ಪೊಲೀಸರಿಗೆ ಕೊಟ್ಟಿದ್ದರು ಅಂತ ಗೊತ್ತಾಗಿತ್ತು. ಎರಡನೆಯ ಗಂಡಸು ಯಾರು ಅಂತ ಇವತ್ತಿಗೂ ಪತ್ತೆಯಾಗಿಲ್ಲ. ಅವನೂ ಯಾರೋ ಒಬ್ಬ ಅಪ್ಪನೇ ಇರಬಹುದು.

ಮೊರಾಕೊದಲ್ಲಿ ಕಂಡಳಂತೆ, ಬೆಲ್ಜಿಯಂನಲ್ಲಿ ಕಂಡಳಂತೆ?

ಹತ್ತಾರು ದೇಶಗಳಿಂದ ಸಾವಿರಾರು ಜನ 'ಇಲ್ಲಿ ನೋಡಿದೆ' ಅಂತ ಹೇಳಿದ್ದಾರೆ. ಮೊರಾಕೊದ ಫೋಟೋ ಒಂದು ಆಗ ತುಂಬ ಓಡಿತ್ತು, ಬೆನ್ನ ಮೇಲೆ ಮಗು ಕಟ್ಟಿಕೊಂಡು ಹೋಗುವ ಹೆಂಗಸು, ಮಗುವಿನ ಕೂದಲು ಕೆಂಚು. ಹೋಗಿ ನೋಡಿದರೆ ಅದೇ ಊರಿನ ರೈತನ ಮಗಳು. ಕೆಂಚು ಕೂದಲಿನ ಮಕ್ಕಳು ಎಲ್ಲಾ ಕಡೆ ಹುಟ್ಟುತ್ತಾರೆ.

ಅವಳ ಬಲಗಣ್ಣಿನ ಪಾಪೆಯಿಂದ ಕೆಳಕ್ಕೆ ಇಳಿದಂತೆ ಒಂದು ಕಪ್ಪು ಗುರುತು ಇತ್ತು. ಪ್ರಚಾರದಲ್ಲಿ ಅದನ್ನೇ ದೊಡ್ಡದಾಗಿ ಬಳಸಿಕೊಂಡರು. ಅದನ್ನು ನೋಡಿಕೊಂಡೇ 2023ರಲ್ಲಿ ಪೋಲೆಂಡಿನ ಯುವತಿಯೊಬ್ಬಳು ನಾನೇ ಮೆಡಲಿನ್ ಅಂತ ಇನ್‌ಸ್ಟಾಗ್ರಾಂನಲ್ಲಿ ಹೇಳಿಕೊಂಡಳು. ಕೆಲವೇ ದಿನದಲ್ಲಿ ಲಕ್ಷಾಂತರ ಹಿಂಬಾಲಕರು. ಡಿಎನ್‌ಎ ಪರೀಕ್ಷೆಯಲ್ಲಿ ಸಂಬಂಧ ಇಲ್ಲ ಅಂತ ಬಂತು. ಅವಳು ಬಿಡಲಿಲ್ಲ, ಮನೆ ಬಾಗಿಲಿಗೂ ಹೋದಳು. 2025ರ ನವೆಂಬರಿನಲ್ಲಿ ಲೆಸ್ಟರ್‌ನ ಕೋರ್ಟು ದಂಪತಿಗೆ ಕಿರುಕುಳ ಕೊಟ್ಟಿದ್ದು ಸಾಬೀತಾಗಿದೆ ಅಂತ ಆರು ತಿಂಗಳ ಶಿಕ್ಷೆ ಕೊಟ್ಟಿತು. ಹಿಂಬಾಲಿಸಿದ ಆರೋಪದಿಂದ ಬಿಡುಗಡೆ ಮಾಡಿತು. ಆ ಹುಡುಗಿಯನ್ನು ಸುಮ್ನೆ ಬೈಯೋದು ಸುಲಭ. ನೀನೇ ಅವಳು, ಬಿಡಬೇಡ ಅಂತ ಹುರಿದುಂಬಿಸಿದವರಿಗೆ ಯಾವ ಶಿಕ್ಷೆಯೂ ಇಲ್ಲ.

ಜರ್ಮನಿಯವನೇ ಅಪರಾಧಿ ಅಂತ ಗೊತ್ತಾಗಿದೆಯಲ್ಲ, ಇನ್ನೇನು ಉಳಿದಿದೆ?

ಗೊತ್ತಾಗಿಲ್ಲ. 2020ರ ಜೂನಿನಲ್ಲಿ ಜರ್ಮನಿಯ ಪೊಲೀಸರು ಒಬ್ಬನ ಮೇಲೆ ಶಂಕೆ ಇದೆ ಅಂದರು, ಬ್ರೌನ್‌ಷ್ವೈಗ್ ಊರಿನ ಸರ್ಕಾರಿ ವಕೀಲರು ಮಗು ಸತ್ತಿದೆ ಅಂತ ನಾವು ನಂಬಿದ್ದೇವೆ ಅಂದರು. ಜರ್ಮನಿಯ ಪತ್ರಿಕೆಗಳು ಅವನನ್ನು ಕ್ರಿಸ್ಟಿಯಾನ್ ಬಿ. ಅಂತಷ್ಟೇ ಬರೆಯುತ್ತವೆ, ಅಲ್ಲಿ ಶಂಕಿತರ ಪೂರ್ತಿ ಹೆಸರು ಹಾಕುವ ರೂಢಿ ಕಮ್ಮಿ. ನಾನೂ ಹಾಗೇ ಬರೆಯುತ್ತೇನೆ.

ಅವನು ಒಳ್ಳೆಯವನಲ್ಲ, ಅದರಲ್ಲಿ ಅನುಮಾನ ಬೇಡ. ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಮೊದಲೇ ಶಿಕ್ಷೆ ಆಗಿತ್ತು. 2005ರಲ್ಲಿ ಇದೇ ಪ್ರಾಯಾ ದ ಲೂಜ್‌ನಲ್ಲಿ 72 ವರ್ಷದ ಅಮೆರಿಕದ ಮಹಿಳೆಯ ಮೇಲೆ ಅತ್ಯಾಚಾರ ಮಾಡಿದ್ದಕ್ಕೆ ಏಳು ವರ್ಷ ಜೈಲು. ಅವನದು ಅಂತ ಹೇಳುವ ಫೋನಿಗೆ ಮೇ 3ರ ಸಂಜೆ 7:32ರಿಂದ 8:02ರವರೆಗೆ ಒಂದು ಕರೆ ಬಂದಿತ್ತು, ಆಗ ಫೋನು ಆ ಊರಿನ ಸುತ್ತಮುತ್ತಲೇ ಇತ್ತು. ಅವನ ಜಾಗ್ವಾರ್ ಕಾರು ಮಾರನೇ ದಿನವೇ ಬೇರೆಯವರ ಹೆಸರಿಗೆ ಬದಲಾಗಿತ್ತು. ಓದುತ್ತಾ ಹೋದರೆ ಇವನೇ ಅನ್ನಿಸುತ್ತೆ. ಸರಿ, ಆದರೆ ಇದೇ ಅನಿಸಿಕೆ 2007ರಲ್ಲಿ ಅಪ್ಪ ಅಮ್ಮನ ಮೇಲೂ ಜನಕ್ಕೆ ಬಂದಿತ್ತು, ಅದಕ್ಕೂ ಮೊದಲು ಹತ್ತಿರದಲ್ಲೇ ಮನೆ ಇದ್ದ ಬ್ರಿಟನ್ನಿನ ಒಬ್ಬರ ಮೇಲೆ ಬಂದಿತ್ತು. ಊರಲ್ಲಿದ್ದ ಅನ್ನೋದಕ್ಕೂ ಮಾಡಿದ ಅನ್ನೋದಕ್ಕೂ ನಡುವಿನ ಸೇತುವೆ ಇನ್ನೂ ಯಾರೂ ತೋರಿಸಿಲ್ಲ. ಅವನು ಆರೋಪ ಒಪ್ಪಿಲ್ಲ. 2023ರ ಮೇನಲ್ಲಿ ಪೋರ್ಚುಗಲ್‌ನ ಅರಾಡೆ ಜಲಾಶಯದ ದಡ ಅಗೆದರು, 2025ರ ಜೂನಿನಲ್ಲಿ ಅಲ್ಲಿನದೇ ಲಾಗೋಸ್ ಊರಿನ ಹತ್ತಿರದ ಪಾಳು ಮನೆಗಳಲ್ಲಿ ಹುಡುಕಿದರು. ಆಮೇಲೂ ಆರೋಪಪಟ್ಟಿ ಬಂದಿಲ್ಲ.

ಪತ್ರಿಕೆಗಳು ಬರೆದವು ಅಂದರೆ ಬೆಂಕಿ ಇಲ್ಲದೆ ಹೊಗೆ ಬರುತ್ತಾ?

ಬರುತ್ತೆ. 2008ರ ಮಾರ್ಚಿನಲ್ಲಿ ಡೈಲಿ ಎಕ್ಸ್‌ಪ್ರೆಸ್ ಮತ್ತು ಡೈಲಿ ಸ್ಟಾರ್ ಪತ್ರಿಕೆಗಳು ಮುಖಪುಟದಲ್ಲೇ ಕ್ಷಮೆ ಕೇಳಿದವು, ಆ ಗುಂಪು 5.5 ಲಕ್ಷ ಪೌಂಡ್ ಕೊಟ್ಟಿತು. ಮಗು ಸತ್ತಿದ್ದಕ್ಕೆ ಅಪ್ಪ ಅಮ್ಮ ಕಾರಣ ಅಂತ ಬರೆದದ್ದಕ್ಕೆ ಆಧಾರ ಇರಲಿಲ್ಲ ಅಂತ ಒಪ್ಪಿಕೊಂಡಿತು. ಊಟಕ್ಕೆ ಜೊತೆಗಿದ್ದ ಏಳು ಜನರಿಗೂ 3.75 ಲಕ್ಷ ಪೌಂಡ್ ಕೊಡಬೇಕಾಯಿತು. ಆ ಹಣ ಹುಡುಕಾಟದ ನಿಧಿಗೆ ಹೋಯಿತು.

ನಿಧಿಯ ವಿಷಯ ಬಂತಲ್ಲ, ಅದರ ದುಡ್ಡಿನಲ್ಲಿ ಮನೆ ಸಾಲ ಕಟ್ಟಿದರು ಅಂತಲೂ ಕೇಳುತ್ತಾರೆ. ಎರಡು ಕಂತು ಕಟ್ಟಿದ್ದು ನಿಜ, ಶಂಕಿತರಾಗುವ ಮೊದಲು. ಆಮೇಲೆ ನಿಲ್ಲಿಸಿದರು.

ಊಹೆ ಮಾಡಿದರೆ ಯಾರಿಗೇನು ನಷ್ಟ? ನಾವು ಸುಮ್ನೆ ಮಾತಾಡ್ತೀವಿ ಅಷ್ಟೇ.

ಆ ಊರಿನಲ್ಲೇ ಇದ್ದ ಬ್ರಿಟನ್ನಿನ ಒಬ್ಬರು ಎರಡೂ ಭಾಷೆ ಬರುತ್ತಿದ್ದರಿಂದ ಪೊಲೀಸರಿಗೆ ದುಭಾಷಿಯಾಗಿ ಸಹಾಯ ಮಾಡುತ್ತಿದ್ದರು. ಇವನು ಯಾಕೆ ಇಷ್ಟು ಮುಂದೆ ಬೀಳ್ತಾನೆ ಅಂತ ಒಬ್ಬ ಪತ್ರಕರ್ತೆಗೆ ಸಂಶಯ ಬಂತು. 2007ರ ಮೇ 15ರಂದು ಅವರೇ ಮೊದಲ ಅಧಿಕೃತ ಶಂಕಿತ. ತಾಯಿಯ ತೋಟವನ್ನೆಲ್ಲ ಅಗೆದರು, ಏನೂ ಸಿಗಲಿಲ್ಲ. ಒಂದು ವರ್ಷದ ಮೇಲೆ ಪತ್ರಿಕೆಗಳಿಂದ ಸುಮಾರು 6 ಲಕ್ಷ ಪೌಂಡ್ ಪರಿಹಾರ ಬಂತು. ಸಹಾಯಕ್ಕೆ ಹೋದದ್ದಕ್ಕೆ ಸಿಕ್ಕಿದ್ದು ಇದು.

2014ರಲ್ಲಿ ಇನ್ನೊಂದಾಯಿತು. ದಂಪತಿಯ ವಿರುದ್ಧ ಟ್ವಿಟರ್‌ನಲ್ಲಿ ಬೇರೆ ಹೆಸರಿನಿಂದ ಸಾವಿರಾರು ಸಲ ಬರೆದಿದ್ದ 63 ವರ್ಷದ ಮಹಿಳೆಯ ಮುಂದೆ ಟಿವಿ ವರದಿಗಾರ ಕ್ಯಾಮೆರಾ ಹಿಡಿದು ನಿಂತ. ಕೆಲವೇ ದಿನದಲ್ಲಿ ಆಕೆ ಪ್ರಾಣ ಕಳೆದುಕೊಂಡರು. ಊಹಿಸಿದವಳೂ ಬದುಕಲಿಲ್ಲ.

ನಮ್ಮ ಕಡೆಯದನ್ನೂ ಹೇಳಿಬಿಡುತ್ತೇನೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಓಡಾಡಿತು: ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯ ಒಂದು ಜಾಗೃತಿ ವಿಡಿಯೋ. ಮೂಲದಲ್ಲಿ ಅವರೇ ಮಗುವನ್ನು ವಾಪಸ್ ಬಿಟ್ಟು, ಮಕ್ಕಳ ಮೇಲೆ ನಿಗಾ ಇಡಿ ಅಂತ ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದ ಹುಡುಗನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಸತ್ತರು, ಜೊತೆಯಲ್ಲಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಕಾರಣ.

ಈ ಒಂದು ಮಗುವಿಗೆ ಯಾಕೆ ಇಷ್ಟು ಖರ್ಚು?

ನ್ಯಾಯವಾದ ಪ್ರಶ್ನೆ. ಈ ಕೇಸಿಗಾಗಿ ಸ್ಕಾಟ್ಲೆಂಡ್ ಯಾರ್ಡ್ ನಡೆಸುವ ತನಿಖೆ, ಆಪರೇಷನ್ ಗ್ರೇಂಜ್, 2011ರಲ್ಲಿ ಶುರುವಾಗಿ 1.3 ಕೋಟಿ ಪೌಂಡ್‌ಗಿಂತ ಜಾಸ್ತಿ ನುಂಗಿದೆ. 40 ಸಾವಿರ ದಾಖಲೆ ತಿರುವಿಹಾಕಿದ್ದಾರೆ, 600ಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿದ್ದಾರೆ. ಬಿಳಿ ಬಣ್ಣ, ಡಾಕ್ಟರ್ ಅಪ್ಪ ಅಮ್ಮ, ಕ್ಯಾಮೆರಾ ಮುಂದೆ ಮಾತಾಡಬಲ್ಲವರು, ಇದೆಲ್ಲ ಕೆಲಸ ಮಾಡಿದೆ. ಫಿಗೇರಾದ ಬಡ ಹುಡುಗಿಗೆ ಇದರಲ್ಲಿ ಒಂದು ಕಾಸೂ ಸಿಗಲಿಲ್ಲ. ಹಾಗಂತ ಅದು ಮೆಡಲಿನ್‌ಳ ತಪ್ಪಲ್ಲ.

ನಮ್ಮಲ್ಲಿ ಮಗು ಕಾಣೆಯಾದರೆ 24 ಗಂಟೆ ಕಾಯಬೇಕಾ?

ಬೇಡ. ಇದೂ ಒಂದು ಅಂತೆಕಂತೆಯೇ. 2013ರ ಮೇನಲ್ಲಿ ಸುಪ್ರೀಂ ಕೋರ್ಟು ಹೇಳಿದ ಪ್ರಕಾರ ಮಗು ಕಾಣೆಯಾಗಿದೆ ಅಂತ ದೂರು ಬಂದ ಕೂಡಲೇ ಎಫ್‌ಐಆರ್ ಹಾಕಬೇಕು, ಅಪಹರಣ ಅಥವಾ ಸಾಗಾಣಿಕೆ ಆಗಿರಬಹುದು ಅಂತ ಹಿಡಿದುಕೊಂಡೇ ಹುಡುಕಬೇಕು. ಯಾವ ಠಾಣೆಗಾದರೂ ಹೋಗಬಹುದು. 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಫೋಟೋ ಹಂಚುವುದಾದರೆ ಪೊಲೀಸರು ಬಿಟ್ಟಿದ್ದನ್ನು ಹಂಚಿ, ಮಗು ಸಿಕ್ಕ ಮೇಲೆ ಅಳಿಸಿ. ಎಷ್ಟೋ ಮಕ್ಕಳು ಮನೆ ಸೇರಿ ವರ್ಷ ಆದರೂ ಅವರ ಫೋಟೋ ಗ್ರೂಪುಗಳಲ್ಲಿ ಕಾಣೆಯಾಗಿದ್ದಾರೆ ಅಂತಲೇ ತಿರುಗುತ್ತಿರುತ್ತೆ.

ಒಂದು ವಿಡಿಯೋ ನಂಬಬೇಕೋ ಬೇಡವೋ ಹೇಗೆ ಗೊತ್ತಾಗುತ್ತೆ?

ಈ ಕೇಸಿಗೆ ನಾನು ನೋಡೋದು ಎರಡೇ. ಡಿಎನ್‌ಎ ಬಗ್ಗೆ ಹೇಳುವಾಗ 15 ಅಂದವರು 37 ಅನ್ನುತ್ತಾರಾ? ಒಂಬತ್ತೂಕಾಲಿನ ಗಂಡಸನ್ನು ತೋರಿಸುವಾಗ 2013ರಲ್ಲಿ ಏನಾಯ್ತು ಅಂತ ಹೇಳುತ್ತಾರಾ? ಹೇಳದಿದ್ದರೆ ಮುಚ್ಚಿ.

ಸದ್ಯ ಕೇಸು ಎಲ್ಲಿದೆ?

ಮೂರು ದೇಶಗಳಲ್ಲಿ ಹರಡಿಕೊಂಡಿದೆ. ಪೋರ್ಚುಗಲ್ 2013ರಲ್ಲಿ ತನಿಖೆಯನ್ನು ಮತ್ತೆ ತೆರೆಯಿತು, 2022ರಲ್ಲಿ ಕ್ರಿಸ್ಟಿಯಾನ್ ಬಿ.ಯನ್ನು ಅಧಿಕೃತ ಶಂಕಿತ ಅಂತ ಮಾಡಿತು. ಜರ್ಮನಿಯಲ್ಲಿ ಬೇರೆ ಲೈಂಗಿಕ ಅಪರಾಧಗಳ ಆರೋಪಗಳಿಂದ 2024ರ ಅಕ್ಟೋಬರಿನಲ್ಲಿ ಅವನು ಖುಲಾಸೆಯಾದ, ಹಳೆಯ ಶಿಕ್ಷೆ ಮುಗಿಸಿ 2025ರ ಸೆಪ್ಟೆಂಬರ್ 17ರಂದು ಜೈಲಿನಿಂದ ಹೊರಗೆ ಬಂದ. ಅದಕ್ಕೆ ಸ್ವಲ್ಪ ಮೊದಲು ಸ್ಕಾಟ್ಲೆಂಡ್ ಯಾರ್ಡ್ ಮಾತಾಡಿಸೋಕೆ ಕೇಳಿದಾಗ ಒಪ್ಪಲಿಲ್ಲ. ಮಗು ಸತ್ತಿದೆ ಅಂತ ಜರ್ಮನಿಯವರು ಹೇಳುತ್ತಾರೆ. ಲಂಡನ್ನಿನವರ ಕಡತದಲ್ಲಿ ಅದು ಈಗಲೂ ಕಾಣೆಯಾದವರ ಕೇಸು.